ಎರಡು ಸೆಕೆಂಡಿನ ಸ್ಲೀಪ್ ಮತ್ತು ಏಳನೇ ಸ್ಲಾಟು

"ಕಿತ್ತು ಇನ್ನೊಂದು ಸಲ ಚುಚ್ಚಿ, ಸರಿಹೋಗುತ್ತೆ." ಪರೀಕ್ಷಾ ಬೆಂಚಿಗೆ ಹೊಸದಾಗಿ ಬಂದವರಿಗೆ ಹಳಬರು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಬೆಂಚಿನ ಪ್ರೋಗ್ರಾಂ ಬರೆದವನು ನಾನು. ಆ ಮಾತು ನನ್ನ ಕಿವಿಗೆ ಬಿದ್ದದ್ದು ಮಾತ್ರ ತುಂಬಾ ತಡವಾಗಿ.

ಬೆಂಚು ಅಂದರೆ ದೊಡ್ಡದೇನಲ್ಲ. ಒಂದು ಲಿನಕ್ಸ್ ಕಂಪ್ಯೂಟರ್, ಅದಕ್ಕೆ ಜೋಡಿಸಿದ ಯುಎಸ್‌ಬಿ ಹಬ್‌ಗಳು, ಒಟ್ಟು 16 ಸ್ಲಾಟು. ಒಂದು ಸ್ಲಾಟಿಗೆ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಬೋರ್ಡ್ ಚುಚ್ಚಿದರೆ ಅದು ಸೀರಿಯಲ್ ಪೋರ್ಟ್ ಆಗಿ, ಅಂದರೆ ಬೋರ್ಡಿನ ಜೊತೆ ಮಾತಾಡುವ ಬಾಗಿಲಾಗಿ, ಕಾಣಿಸಿಕೊಳ್ಳುತ್ತದೆ. ಪ್ರೋಗ್ರಾಂ ಅದನ್ನು ತೆರೆದು ಬೋರ್ಡಿನ ನಂಬರ್ ಓದುತ್ತದೆ. ಬೋರ್ಡನ್ನು ಬೂಟ್‌ಲೋಡರ್‌ಗೆ, ಅಂದರೆ ಹೊಸ ಪ್ರೋಗ್ರಾಂ ತುಂಬಿಸಿಕೊಳ್ಳುವ ಸ್ಥಿತಿಗೆ, ಕಳಿಸಿ ಅದರೊಳಗೆ ಓಡುವ ಹೊಸ ಪ್ರೋಗ್ರಾಂ (ಫರ್ಮ್‌ವೇರ್) ಬರೆಯುತ್ತದೆ. ಬೋರ್ಡ್ ರೀಬೂಟ್ ಆಗಿ ಮತ್ತೆ ಬಂದ ಮೇಲೆ ಪರೀಕ್ಷೆ ಮಾಡಿ ಹಸಿರು ಇಲ್ಲವೇ ಕೆಂಪು ದೀಪ ಹಚ್ಚುತ್ತದೆ.

ದಿನಕ್ಕೆ ನಾಲ್ಕೈದು ಸಲ ಒಳ್ಳೆಯ ಬೋರ್ಡಿಗೂ ಕೆಂಪು ಬರುತ್ತಿತ್ತು. ಪ್ರೋಗ್ರಾಮಿನ ದಾಖಲೆ (ಲಾಗ್) ತೆಗೆದರೆ ಒಂದೇ ಸಾಲು: ಪರ್ಮಿಷನ್ ಡಿನೈಡ್, ಅಂದರೆ ಅನುಮತಿ ಇಲ್ಲ. ನಾನು ಹೋಗಿ ಪೋರ್ಟಿನ ಫೈಲ್ ನೋಡಿದರೆ ಎಲ್ಲವೂ ಸರಿ ಇರುತ್ತಿತ್ತು. ಗುಂಪು ಡಯಲ್‌ಔಟ್, ಮೋಡ್ 0660, ಅಂದರೆ ಮಾಲೀಕನೂ ಆ ಗುಂಪಿನವರೂ ಓದಿ ಬರೆಯಬಹುದು. ನಮ್ಮ ಪ್ರೋಗ್ರಾಂ ಓಡುವ ಯೂಸರ್ ಕೂಡ ಅದೇ ಗುಂಪಿನಲ್ಲಿ ಇತ್ತು. ಹಾಗಾದರೆ ಬಾಗಿಲು ಹಾಕಿದ್ದು ಯಾರು?

ಬೆಂಚಿನವರ ವಾದ ಬೇರೆ. ಏಳನೇ ಸ್ಲಾಟಿಗೆ ಏನೋ ಆಗಿದೆ, ಅಲ್ಲೇ ಜಾಸ್ತಿ ಅಂತ. ನಾನು ಲಾಗ್ ತೆಗೆದು ಎಣಿಸಿದೆ. ಎಲ್ಲ ಸ್ಲಾಟಿನಲ್ಲೂ ಆಗುತ್ತಿತ್ತು. ಸ್ಲಾಟಿನ ತಪ್ಪಲ್ಲ ಅಂತ ಹೇಳಿ ಕಳಿಸಿದೆ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಪೋರ್ಟ್ ಕಂಡ ಮೇಲೆ ಎರಡು ಸೆಕೆಂಡ್ ಸ್ಲೀಪ್ ಹಾಕಿದೆ, ಅಂದರೆ ಪ್ರೋಗ್ರಾಂ ಅಷ್ಟು ಹೊತ್ತು ಸುಮ್ಮನೆ ಕಾಯುತ್ತದೆ. ಸುಳ್ಳು ಕೆಂಪು ನಿಂತಿತು. ಮೂರು ವಾರ ಆರಾಮಾಗಿದ್ದೆ. ನಾಲ್ಕನೇ ವಾರ ಒಂದು ಬೆಳಗ್ಗೆ ಬೆಂಚು ಆನ್ ಮಾಡಿದ ಕೂಡಲೇ 16ರಲ್ಲಿ ಒಂಬತ್ತು ಸ್ಲಾಟು ಕೆಂಪಾಗಿ ಕೂತವು. ಲಾಗಿನಲ್ಲಿ ಅದೇ ಹಳೇ ಸಾಲು.

ಚುಚ್ಚಿದ ಮೇಲೆ ಏನೇನಾಗುತ್ತದೆ

"ಡಿವೈಸ್ ಬಂತು" ಅನ್ನುವುದು ಒಂದು ಕ್ಷಣ ಅಂದುಕೊಂಡಿದ್ದೆ. ಅಲ್ಲ. ಅದೊಂದು ಮೆರವಣಿಗೆ.

ಮೊದಲು ಲೋಹಕ್ಕೆ ಲೋಹ ತಾಗುತ್ತದೆ. ಕೈಯಲ್ಲಿ ಚುಚ್ಚುವಾಗ ಪಿನ್ನುಗಳು ತಾಗಿ ಬಿಟ್ಟು ತಾಗಿ ಬಿಟ್ಟು ನಿಲ್ಲುತ್ತವೆ. ಅದಕ್ಕೇ ಲಿನಕ್ಸಿನ ತಿರುಳಾದ ಕರ್ನಲ್ ಆತುರ ಪಡುವುದಿಲ್ಲ. 25 ಮಿಲಿಸೆಕೆಂಡಿಗೆ ಒಂದು ಸಲ ಪೋರ್ಟ್ ನೋಡುತ್ತದೆ. ಸತತ 100 ಮಿಲಿಸೆಕೆಂಡ್ ಸಂಪರ್ಕ ಅಲುಗಾಡದೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಎರಡು ಸೆಕೆಂಡ್ ಕಳೆದರೂ ಸ್ಥಿರ ಆಗದಿದ್ದರೆ ಕೈಬಿಡುತ್ತದೆ. ಇದಕ್ಕೆ ಡಿಬೌನ್ಸ್ ಅನ್ನುತ್ತಾರೆ. ಈ ಎರಡು ಸೆಕೆಂಡ್ ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಆಮೇಲೆ ರೀಸೆಟ್, ವಿಳಾಸ ಕೊಡುವುದು, ನೀನು ಯಾರು ಅಂತ ಕೇಳುವುದು, ಡ್ರೈವರ್ ಹುಡುಕಿ ಅಂಟಿಸುವುದು. ಡ್ರೈವರ್ ಒಂದು ಟಿಟಿವೈ (ಸೀರಿಯಲ್ ಪೋರ್ಟಿಗೆ ಲಿನಕ್ಸಿನ ಹೆಸರು) ಹುಟ್ಟುಹಾಕುತ್ತದೆ. ಆಗ ಡಿವೈಸುಗಳ ಫೈಲುಗಳಿರುವ ಡೆವ್ ಡೈರೆಕ್ಟರಿಯಲ್ಲಿ ಟಿಟಿವೈಎಸಿಎಂ0 ಅನ್ನುವಂಥ ಹೆಸರು ಮೂಡುತ್ತದೆ.

ನನ್ನ ಪ್ರೋಗ್ರಾಂ ಕಾಯುತ್ತಿದ್ದದ್ದು ಇದನ್ನೇ. ಡೈರೆಕ್ಟರಿಯಲ್ಲಿ ಏನಾದರೂ ಬದಲಾದರೆ ತಿಳಿಸುವ ಐನೋಟಿಫೈ ಬಳಸಿ ಡೆವ್ ಡೈರೆಕ್ಟರಿ ಮೇಲೆ ಕಣ್ಣಿಟ್ಟಿದ್ದೆ. ಹೊಸ ಹೆಸರು ಬಂದ ಕೂಡಲೇ ಹಾರಿ ಹಿಡಿಯುವುದು.

ಆದರೆ ಆ ಹೆಸರು ಹುಟ್ಟುವಾಗ ಅದರ ಮಾಲೀಕ ರೂಟ್ (ಕಂಪ್ಯೂಟರಿನ ಯಜಮಾನ ಯೂಸರ್), ಮೋಡ್ 0600, ಅಂದರೆ ಬೇರೆ ಯೂಸರ್‌ಗಳು ತೆರೆಯುವಂತಿಲ್ಲ. ಯಾಕೆಂದರೆ ಅದನ್ನು ಹುಟ್ಟಿಸಿದ್ದು ಕರ್ನಲ್ ತಾನೇ. 2009ರಲ್ಲಿ, 2.6.32ನೇ ಕರ್ನಲ್‌ನಲ್ಲಿ ಡೆವ್‌ಟಿಎಂಪಿಎಫ್ಎಸ್ ಅನ್ನುವ ವ್ಯವಸ್ಥೆ ಬಂದಾಗಿನಿಂದ ಈ ಫೈಲುಗಳನ್ನು (ನೋಡ್‌ಗಳನ್ನು) ಕರ್ನಲ್ಲೇ ಇಡುತ್ತದೆ. ಯಾವ ಗುಂಪಿಗೆ ಕೊಡಬೇಕು, ಇನ್ನೇನು ಹೆಸರಿಡಬೇಕು ಅನ್ನುವುದು ಕರ್ನಲ್‌ಗೆ ಬೇಡದ ವಿಷಯ. ಅದು "ಹೊಸದೊಂದು ಬಂತು" ಅಂತ ಡಿವೈಸುಗಳನ್ನು ನೋಡಿಕೊಳ್ಳುವ ಯುಡೆವ್ ಅನ್ನುವ ಪ್ರೋಗ್ರಾಮಿಗೆ ಸುದ್ದಿ ಕೊಟ್ಟು ಸುಮ್ಮನಾಗುತ್ತದೆ. ಯುಡೆವ್ ತನ್ನ ನಿಯಮಗಳ ಫೈಲುಗಳನ್ನು ಒಂದೊಂದಾಗಿ ನೋಡುತ್ತದೆ. ಡಯಲ್‌ಔಟ್ ಗುಂಪಿಗೆ ಸೇರಿಸುತ್ತದೆ, ಮೋಡ್ 0660 ಮಾಡುತ್ತದೆ, ಲಿಂಕುಗಳನ್ನು ಕಟ್ಟುತ್ತದೆ, ತನ್ನ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಇಷ್ಟೆಲ್ಲ ಮುಗಿದ ಮೇಲೆ "ಈಗ ಬನ್ನಿ" ಅಂತ ಎರಡನೇ ಸಲ ಸಾರುತ್ತದೆ.

ಕರ್ನಲ್ ಹೆಸರು ಇಟ್ಟದ್ದಕ್ಕೂ ಯುಡೆವ್ ಬೀಗ ತೆಗೆದದ್ದಕ್ಕೂ ನಡುವೆ ಒಂದು ಸಂದು. ನನ್ನ ಪ್ರೋಗ್ರಾಂ ಆ ಸಂದಿನಲ್ಲಿ ಕೈ ಹಾಕುತ್ತಿತ್ತು. ಒಳಗೆ ಬಿಡಲಿಲ್ಲ ಅಂತ ಕೆಂಪು ದೀಪ ಹಚ್ಚಿ ಕೂರುತ್ತಿತ್ತು. ಹೆಸರು ಹುಟ್ಟುವುದು ಒಂದೇ ಸಲ, ಹಾಗಾಗಿ ಮತ್ತೆ ಯತ್ನಿಸುವ ಮಾತೂ ಇಲ್ಲ. ನಾನು ಎದ್ದು ಹೋಗಿ ಅನುಮತಿ ನೋಡುವಷ್ಟರಲ್ಲಿ ಯುಡೆವ್ ತನ್ನ ಕೆಲಸ ಮುಗಿಸಿ ಎಷ್ಟೋ ಹೊತ್ತಾಗಿರುತ್ತಿತ್ತು. ಸಾಕ್ಷಿ ತಾನೇ ಅಳಿಸಿಹೋಗುವ ಅಪರಾಧ ಅಂದರೆ ಇದೇ.

ಇದು ಕಣ್ಣಿಗೆ ಕಾಣಬೇಕಾದರೆ ಯುಡೆವ್‌ಅಡ್ಮ್ ಮಾನಿಟರ್ ಅನ್ನುವ ಕಮಾಂಡ್ ಓಡಿಸಿ ಒಂದು ಬೋರ್ಡ್ ಚುಚ್ಚಿ ನೋಡಿ. ಪ್ರತಿ ಡಿವೈಸಿಗೂ ಎರಡೆರಡು ಸಾಲು ಬರುತ್ತದೆ. ಒಂದರ ಮುಂದೆ ಕರ್ನಲ್ ಅಂತ, ಇನ್ನೊಂದರ ಮುಂದೆ ಯುಡೆವ್ ಅಂತ. ಪಕ್ಕದಲ್ಲಿ ಸಮಯವೂ ಇರುತ್ತದೆ. ಎರಡರ ವ್ಯತ್ಯಾಸವೇ ನಿಮ್ಮ ಸಂದು.

ಸ್ಲೀಪ್ ಯಾಕೆ ಸೋತಿತು

ಸಾಮಾನ್ಯ ದಿನಗಳಲ್ಲಿ ಆ ವ್ಯತ್ಯಾಸ ಕೆಲವೇ ಮಿಲಿಸೆಕೆಂಡ್. ಎರಡು ಸೆಕೆಂಡ್ ಅಂದರೆ ಧಾರಾಳ, ಅಲ್ವಾ? ಆ ಬೆಳಗ್ಗೆ ಮಾತ್ರ ಅದು ಮೂರು ಸೆಕೆಂಡ್ ದಾಟಿತ್ತು. ಕಾರಣ ಹುಡುಕಿದರೆ ಬೆರಳು ನನ್ನ ಕಡೆಗೇ ತಿರುಗಿತು.

ಯಾವ ಬೋರ್ಡ್ ಎಷ್ಟು ಹೊತ್ತಿಗೆ ಬಂತು ಅಂತ ದಾಖಲಿಸಲು ನಾನೇ ಹಿಂದೆ ಒಂದು ಯುಡೆವ್ ನಿಯಮ ಬರೆದಿದ್ದೆ. ಯುಎಸ್‌ಬಿ ಡಿವೈಸ್ ಬಂದ ಕೂಡಲೇ ಒಂದು ಸ್ಕ್ರಿಪ್ಟ್ ಓಡಿ, ನೆಟ್‌ವರ್ಕ್ ಮೇಲಿನ ಸರ್ವರಿಗೆ ಒಂದು ಸಾಲು ಕಳಿಸುತ್ತಿತ್ತು. ಆ ದಿನ ಸರ್ವರ್ ನಿಧಾನ ಇತ್ತು. ಅದಕ್ಕೂ ಸೀರಿಯಲ್ ಪೋರ್ಟಿನ ಅನುಮತಿಗೂ ಏನು ಸಂಬಂಧ? ನಿಯಮ ಇದ್ದದ್ದು ಯುಎಸ್‌ಬಿ ಡಿವೈಸಿಗೆ, ಟಿಟಿವೈಗೆ ಅಲ್ಲ.

ಸಂಬಂಧ ಇದೆ. ಯುಡೆವ್ ಬೇರೆ ಬೇರೆ ಡಿವೈಸುಗಳ ಸುದ್ದಿಯನ್ನು ಒಟ್ಟೊಟ್ಟಿಗೆ ನೋಡಿಕೊಳ್ಳುತ್ತದೆ ನಿಜ. ಆದರೆ ಒಂದೇ ಮನೆತನದವರನ್ನು ಸಾಲಾಗಿ ನಿಲ್ಲಿಸುತ್ತದೆ. ಅಪ್ಪನ ಕೆಲಸ ಮುಗಿಯುವ ತನಕ ಮಗುವಿನ ಸರದಿ ಬರುವುದಿಲ್ಲ. ಯುಎಸ್‌ಬಿ ಡಿವೈಸ್ ಅಜ್ಜ, ಟಿಟಿವೈ ಅದರ ಕೆಳಗಿನ ಮೊಮ್ಮಗು. ಅಜ್ಜನ ಸ್ಕ್ರಿಪ್ಟ್ ಸರ್ವರಿನ ಉತ್ತರಕ್ಕೆ ಕಾದು ಕೂತಿತ್ತು. ಮೊಮ್ಮಗುವಿನ ಫೈಲ್ ಅಷ್ಟು ಹೊತ್ತೂ 0600 ಆಗಿಯೇ ಬಿದ್ದಿತ್ತು. ಸುದ್ದಿ ಒಂದಕ್ಕೆ ಯುಡೆವ್ ಕಾಯುವ ಗರಿಷ್ಠ ಹೊತ್ತು, ಬದಲಾಯಿಸದಿದ್ದರೆ, 180 ಸೆಕೆಂಡ್. ಅಂದರೆ ಕೆಟ್ಟ ದಿನದಲ್ಲಿ ನನ್ನ ಎರಡು ಸೆಕೆಂಡಿನ ಜಾಗದಲ್ಲಿ ಮೂರು ನಿಮಿಷ ಬೇಕಿತ್ತು.

ಸ್ಲೀಪ್ ಹಾಕುವವರನ್ನು ನಾನು ಬೈಯುವುದಿಲ್ಲ. ಆದರೆ ಸ್ಲೀಪ್‌ನಲ್ಲಿ ಬರೆಯುವ ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ದಾಖಲೆಯ ಕೆಲಸವನ್ನು ಯುಡೆವ್ ನಿಯಮದಿಂದ ಕಿತ್ತು ನಮ್ಮ ಪ್ರೋಗ್ರಾಮಿಗೇ ತಂದೆ. ಐನೋಟಿಫೈ ತೆಗೆದೆ. ಯುಡೆವ್ ಜೊತೆ ಮಾತಾಡಲು ಇರುವ ಲಿಬ್‌ಯುಡೆವ್ ಲೈಬ್ರರಿ ಮೂಲಕ ಸುದ್ದಿಗೆ ಕಿವಿಗೊಟ್ಟೆ. ಇಲ್ಲೊಂದು ಎಡವುವ ಜಾಗ ಇದೆ. ಲಿಬ್‌ಯುಡೆವ್ ಮಾನಿಟರ್ ತೆರೆಯುವಾಗ ಕರ್ನಲ್ ಅಂತಲೂ ಹೇಳಬಹುದು, ಯುಡೆವ್ ಅಂತಲೂ ಹೇಳಬಹುದು. ಕರ್ನಲ್ ಅಂದರೆ ಮೊದಲ ಸುದ್ದಿಯೇ ಸಿಗುತ್ತದೆ, ನಮ್ಮ ಸಂದು ಹಾಗೇ ಉಳಿಯುತ್ತದೆ. ಬೇಕಾದದ್ದು ಎರಡನೆಯದು.

ಯುಡೆವ್‌ಅಡ್ಮ್ ಸೆಟಲ್ ಅನ್ನುವ ಕಮಾಂಡ್ ಬಳಸಿದರೆ ಸಾಕಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಅದು ಕೇಳುವ ಪ್ರಶ್ನೆಯೇ ಬೇರೆ. ಯುಡೆವ್‌ನ ಸಾಲು ಈಗ ಖಾಲಿ ಇದೆಯಾ ಅಂತ ಅಷ್ಟೇ. ಬೋರ್ಡ್ ಇನ್ನೂ ಡಿಬೌನ್ಸ್ ಹಂತದಲ್ಲೇ ಇದ್ದರೆ ಯುಡೆವ್‌ಗೆ ಅದರ ಗಾಳಿಯೂ ಸೋಕಿರುವುದಿಲ್ಲ. ಸಾಲು ಖಾಲಿ ಅಂತ ಸೆಟಲ್ ತಕ್ಷಣ ವಾಪಸ್ ಬರುತ್ತದೆ. ಮದುವೆಯ ದಿಬ್ಬಣ ಇನ್ನೂ ಹೊರಟೇ ಇಲ್ಲ, ಛತ್ರ ಖಾಲಿ ಇದೆ ಅಂತ ಊಟ ಮುಗಿಸಿದ ಹಾಗೆ. ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಯುಡೆವ್ ಸೇರಿರುವ ಸಿಸ್ಟಂಡಿಯ 251ನೇ ಆವೃತ್ತಿಯಲ್ಲಿ (2022) ಯುಡೆವ್‌ಅಡ್ಮ್ ವೇಟ್ ಬಂದಿದೆ. ಅದು ನಿರ್ದಿಷ್ಟ ಡಿವೈಸಿಗೇ ಕಾಯುತ್ತದೆ. ನಮ್ಮ ಪ್ರೋಗ್ರಾಂ ಯಾವಾಗಲೂ ಓಡುತ್ತಲೇ ಇರುವುದರಿಂದ ಮಾನಿಟರ್ ಸಾಕಾಯಿತು.

ಮೊದಲೇ ಚುಚ್ಚಿದ್ದ ಬೋರ್ಡುಗಳು

ಪ್ರೋಗ್ರಾಂ ಶುರುವಾಗುವ ಮೊದಲೇ ಬೋರ್ಡ್ ಚುಚ್ಚಿದ್ದರೆ? ಅದಕ್ಕೆ ಶುರುವಿನಲ್ಲಿ ಇರುವವರ ಪಟ್ಟಿ ತೆಗೆದು, ಆಮೇಲೆ ಮಾನಿಟರ್ ತೆರೆಯುತ್ತಿದ್ದೆ. ಓದಲು ಸಹಜವಾಗಿದೆ. ತಪ್ಪೂ ಅಲ್ಲೇ ಇದೆ. ಪಟ್ಟಿ ಮುಗಿದು ಮಾನಿಟರ್ ತೆರೆಯುವ ನಡುವಿನ ಚೂರು ಹೊತ್ತಿನಲ್ಲಿ ಬಂದ ಬೋರ್ಡ್ ಪಟ್ಟಿಯಲ್ಲೂ ಇಲ್ಲ, ಸುದ್ದಿಯಲ್ಲೂ ಇಲ್ಲ. ದೀಪ ಕೆಂಪೂ ಅಲ್ಲ, ಹಸಿರೂ ಅಲ್ಲ, ಸುಮ್ನೆ ಆರಿಕೊಂಡಿರುತ್ತದೆ.

ಕ್ರಮ ತಿರುಗಿಸಿದೆ. ಮೊದಲು ಮಾನಿಟರ್, ಆಮೇಲೆ ಪಟ್ಟಿ. ಈಗ ಯಾರೂ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಕೆಲವರು ಎರಡು ಸಲ ಬರುತ್ತಾರೆ. ಕಂಪ್ಯೂಟರ್ ಬೂಟ್ ಆಗುವಾಗ ಇರುವ ಡಿವೈಸುಗಳಿಗೆಲ್ಲ ಹೊಸದಾಗಿ ಬಂದ ಹಾಗೆ ಸುದ್ದಿ ಮರುಹುಟ್ಟಿಸುವ ಹಂತವೂ ಒಂದಿದೆ. ಹಾಗಾಗಿ ಎರಡು ಸಲ ಬರುವುದು ಅಪರೂಪವೇನಲ್ಲ. ಕರ್ನಲ್ ಡಿವೈಸುಗಳನ್ನು ಫೈಲುಗಳ ರೂಪದಲ್ಲಿ ತೋರಿಸುವ ಸಿಸ್ಎಫ್ಎಸ್‌ನಲ್ಲಿನ ದಾರಿಯನ್ನು ಕೀಲಿಯಾಗಿಟ್ಟು, ಗೊತ್ತಿರುವವರು ಮತ್ತೆ ಬಂದರೆ ಸುಮ್ಮನಿರುವಂತೆ ಬರೆದೆ. ಪಟ್ಟಿಯಲ್ಲಿ ಇದ್ದರೂ ಯುಡೆವ್ ಇನ್ನೂ ಕೆಲಸ ಮುಗಿಸದ ಡಿವೈಸುಗಳು ಇರಬಹುದು. ಅಂಥವನ್ನು ಬಿಟ್ಟುಬಿಡಬೇಕು. ಮಾನಿಟರ್ ಆಗಲೇ ತೆರೆದಿದೆ, ಅವುಗಳ ಸುದ್ದಿ ತಾನಾಗಿ ಬರುತ್ತದೆ. ಲಿಬ್‌ಯುಡೆವ್‌ನಲ್ಲಿ ಇದನ್ನು ಕೇಳಲು ಒಂದು ಕರೆ ಇದೆ.

ಇನ್ನೊಂದು. 16 ಸ್ಲಾಟಿಗೂ ಒಂದೇ ಸಲ ಕರೆಂಟ್ ಕೊಟ್ಟರೆ ಸುದ್ದಿಗಳು ಮಳೆಯ ಹಾಗೆ ಸುರಿಯುತ್ತವೆ. ಒಂದು ಬೋರ್ಡ್ ಅಂದರೆ ಒಂದು ಸುದ್ದಿ ಅಲ್ಲ. ಡಿವೈಸ್, ಅದರ ಇಂಟರ್‌ಫೇಸುಗಳು, ಟಿಟಿವೈ ಎಲ್ಲಕ್ಕೂ ಬೇರೆ ಬೇರೆ. ಸುದ್ದಿ ಬರುವ ದಾರಿಯಾದ ನೆಟ್‌ಲಿಂಕ್ ಸಾಕೆಟ್‌ನ ಬಫರ್ (ಸುದ್ದಿ ಕೂಡಿಡುವ ಜಾಗ) ತುಂಬಿದರೆ ಉಳಿದ ಸುದ್ದಿ ಚೆಲ್ಲಿಹೋಗುತ್ತದೆ. ಓದುವಾಗ ಇನೋಬಫ್ಸ್ ಎಂಬ ಎರರ್ ಬರುತ್ತದೆ. ನಮ್ಮ ಬೆಂಚಿನಲ್ಲಿ ಅದು ಬಂದದ್ದನ್ನು ನಾನು ಕಂಡಿಲ್ಲ. ಆದರೂ ಬಂದರೆ ಪಟ್ಟಿ ಹೊಸದಾಗಿ ತೆಗೆಯುವಂತೆ ಮಾಡಿದೆ.

ಅದನ್ನು ಬರೆಯುವಾಗ ಇಡೀ ಪ್ರೋಗ್ರಾಮಿನ ಸ್ವಭಾವವೇ ಬದಲಾಯಿತು. ಸುದ್ದಿ ಅಂದರೆ ಕದ ತಟ್ಟಿದ ಸದ್ದು. ಯಾರು ಬಂದರು ಅಂತ ಎದ್ದು ಹೋಗಿ ನೋಡಲೇಬೇಕು. ಈಗ ಯಾವ ಸುದ್ದಿ ಬಂದರೂ ಪ್ರೋಗ್ರಾಂ ಆ ಕ್ಷಣದ ನಿಜಸ್ಥಿತಿ ಓದಿ, ತನ್ನ ತಲೆಯಲ್ಲಿರುವ ಪಟ್ಟಿಯ ಜೊತೆ ಹೋಲಿಸುತ್ತದೆ. ಹಿಂದೆ ಕರ್ನಲ್ ಪ್ರತಿ ಸುದ್ದಿಗೂ ಹಾಟ್‌ಪ್ಲಗ್ ಅನ್ನುವ ಒಂದು ಪ್ರೋಗ್ರಾಂ ಓಡಿಸುತ್ತಿದ್ದ ಕಾಲದಲ್ಲಿ ಮೊದಲು ಹೊರಟ ಸುದ್ದಿ ಆಮೇಲೆ ಮುಟ್ಟುವುದೂ ಇತ್ತು. ಕ್ರಮ ತಿಳಿಯಲೆಂದೇ ಸುದ್ದಿಗಳಿಗೆ ಸೀಕ್ವೆನ್ಸ್ ನಂಬರ್ ಹಾಕಬೇಕಾಯಿತು. 2003ರಲ್ಲಿ ಹುಟ್ಟಿದ ಯುಡೆವ್ ಆ ತಾಪತ್ರಯವನ್ನು ತನ್ನ ಹೆಗಲಿಗೆ ಹಾಕಿಕೊಂಡಿದೆ. ನಮಗೆ ಉಳಿದದ್ದು ಸದ್ದಾದಾಗ ಎದ್ದು ಹೋಗಿ ನೋಡುವುದು ಅಷ್ಟೇ.

ನಂಬರ್ ಅದೇ, ಬೋರ್ಡ್ ಬೇರೆ

ಈವರೆಗಿನ ತಪ್ಪುಗಳು ಕನಿಷ್ಠ ಕೆಂಪು ದೀಪ ಹಚ್ಚುತ್ತಿದ್ದವು, ಇಲ್ಲವೇ ದೀಪ ಆರಿಸಿಡುತ್ತಿದ್ದವು. ಇದು ಹಸಿರು ಹಚ್ಚುತ್ತಿತ್ತು.

ಒಂದು ದಿನ ಕೆಟ್ಟ ಸೆನ್ಸರ್ ಇರುವ ಬೋರ್ಡ್ ಪಾಸಾಗಿ ಹೊರಗೆ ಹೋಗಿತ್ತು. ಅದರ ದಾಖಲೆಯಲ್ಲಿ ಸೆನ್ಸರ್ ಸರಿ ಇದೆ ಅಂತ ಬರೆದಿತ್ತು. ಪಕ್ಕದ ಸ್ಲಾಟಿನಲ್ಲಿದ್ದ ಒಳ್ಳೆಯ ಬೋರ್ಡ್ ಅದೇ ನಿಮಿಷ ಫೇಲ್ ಆಗಿತ್ತು. ಎರಡೂ ಲಾಗನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಬೆನ್ನು ತಣ್ಣಗಾಯಿತು.

ನಾಲ್ಕನೇ ಸ್ಲಾಟಿನ ಬೋರ್ಡ್ ಟಿಟಿವೈಎಸಿಎಂ3. ಐದನೇ ಸ್ಲಾಟಿನದು ಟಿಟಿವೈಎಸಿಎಂ4. ಎರಡಕ್ಕೂ ಫರ್ಮ್‌ವೇರ್ ಬರೆದು ಮುಗಿದು, ಎರಡೂ ಹೆಚ್ಚುಕಡಿಮೆ ಒಟ್ಟಿಗೆ ರೀಬೂಟ್ ಆದವು. ಬೂಟ್‌ಲೋಡರ್‌ನಲ್ಲಿ ಇರುವಾಗ ನಮ್ಮ ಬೋರ್ಡ್ ಸೀರಿಯಲ್ ಪೋರ್ಟ್ ಅಲ್ಲವೇ ಅಲ್ಲ, ಬೇರೆಯದೇ ಯುಎಸ್‌ಬಿ ಡಿವೈಸ್. ಹಾಗಾಗಿ 3 ಮತ್ತು 4 ಎರಡೂ ಖಾಲಿ ಬಿದ್ದಿದ್ದವು. ಕರ್ನಲ್ ಮೊದಲು ಬಂದವರಿಗೆ ಖಾಲಿ ಇರುವ ಚಿಕ್ಕ ನಂಬರ್ ಕೊಡುತ್ತದೆ. ಈ ಸಲ ಐದನೇ ಸ್ಲಾಟಿನದು ಒಂದು ಹೆಜ್ಜೆ ಮುಂದೆ ಬಂತು, 3 ತೆಗೆದುಕೊಂಡಿತು. ನನ್ನ ಪ್ರೋಗ್ರಾಂ ಮಾತ್ರ "3 ಅಂದರೆ ನಾಲ್ಕನೇ ಸ್ಲಾಟು" ಅಂತ ನೆನಪಿಟ್ಟುಕೊಂಡಿತ್ತು.

ಸುಳಿವು ಮೊದಲೇ ಸಿಕ್ಕಿತ್ತು. 16 ಸ್ಲಾಟಿಗೆ 0ರಿಂದ 15 ಸಾಕು. ಕೆಲವೊಮ್ಮೆ ಲಾಗಿನಲ್ಲಿ 16, 17 ಕಾಣಿಸುತ್ತಿತ್ತು. ಯಾರೋ ಹಳೇ ಪೋರ್ಟನ್ನು ಮುಚ್ಚದೆ ಹಿಡಿದಿದ್ದರೆ, ಬೋರ್ಡ್ ಹೋದರೂ ಆ ನಂಬರ್ ಖಾಲಿಯಾಗುವುದಿಲ್ಲ. ವಾಪಸ್ ಬಂದ ಬೋರ್ಡಿಗೆ ಮುಂದಿನದು ಸಿಗುತ್ತದೆ. ನಮ್ಮ ಪ್ರೋಗ್ರಾಮಿನ ಒಂದು ಎರರ್ ದಾರಿಯಲ್ಲಿ ಪೋರ್ಟ್ ಮುಚ್ಚುವುದು ಮರೆತಿತ್ತು. ನೋಡಿದ್ದೆ, ಇರಲಿ ಬಿಡು ಅಂದುಕೊಂಡಿದ್ದೆ.

ಈಗ ಆ ನಂಬರನ್ನು ನಾವು ಎಲ್ಲೂ ನೆನಪಿಡುವುದಿಲ್ಲ. ಗುರುತು ಅಂದರೆ ಎರಡು. ಒಂದು, ಬೋರ್ಡ್ ಯಾವ ಹಬ್ಬಿನ ಯಾವ ಪೋರ್ಟಿನಲ್ಲಿದೆ ಅನ್ನುವ ದಾರಿ. ಯುಡೆವ್ ಅದನ್ನು ಬೈ-ಪಾತ್ ಲಿಂಕಾಗಿ ಕಟ್ಟಿಕೊಡುತ್ತದೆ, ವೈರ್ ಬದಲಾಯಿಸುವ ತನಕ ಅದು ಬದಲಾಗುವುದಿಲ್ಲ. ಇನ್ನೊಂದು, ಬೋರ್ಡ್ ತಾನೇ ಹೇಳುವ ಸೀರಿಯಲ್ ನಂಬರ್. ಬರೀ ಸೀರಿಯಲ್ ನಂಬರ್ ನಂಬಬೇಡಿ. ಅಗ್ಗದ ಸೀರಿಯಲ್ ಚಿಪ್ಪುಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಎಲ್ಲಕ್ಕೂ ಒಂದೇ ಇರುವುದುಂಟು. ಪೋರ್ಟ್ ತೆರೆದ ಮೇಲೆ ಬೋರ್ಡಿನ ಬಾಯಿಂದಲೇ ನಂಬರ್ ಹೇಳಿಸಿ, ರೀಬೂಟಿಗೆ ಮೊದಲು ಓದಿದ್ದರ ಜೊತೆ ತಾಳೆ ನೋಡುತ್ತೇವೆ. ತಾಳೆಯಾಗದಿದ್ದರೆ ಪರೀಕ್ಷೆಯೇ ಇಲ್ಲ.

ಡಿಸ್ಕ್‌ಗಳ ಲೋಕದಲ್ಲೂ ಇದೇ ಹೆಸರು ಮರುಬಳಕೆಯ ಕಾಟ ಇತ್ತು. ಅಲ್ಲಿ 2021ರ 5.15ನೇ ಕರ್ನಲ್‌ನಲ್ಲಿ ಪ್ರತಿ ಡಿಸ್ಕ್‌ಗೂ ಮತ್ತೆಂದೂ ಮರುಬಳಕೆಯಾಗದ ಕ್ರಮಸಂಖ್ಯೆ ಕೊಟ್ಟರು. ಟಿಟಿವೈಗೂ ಅಂಥದ್ದೊಂದು ಇದ್ದಿದ್ದರೆ ಅಂತ ಆಸೆಯಾಯಿತು.

ಬೇಕೆಂದೇ ನಿಧಾನ ಮಾಡಿ ನೋಡಿದ್ದು

ಸರಿಯಾಯಿತು ಅಂತ ನಂಬುವುದು ಹೇಗೆ? ಮೊದಲ ಸಲವೂ "ಸರಿಯಾಯಿತು" ಅಂತಲೇ ಅಂದುಕೊಂಡಿದ್ದೆ. ಸಂದು ಚಿಕ್ಕದಿದ್ದರೆ ಸಾವಿರ ಸಲ ಚುಚ್ಚಿದರೂ ಸಿಕ್ಕದೇ ಹೋಗಬಹುದು. ಹಾಗಾಗಿ ಸಂದನ್ನೇ ದೊಡ್ಡದು ಮಾಡಿದೆ. ಯುಎಸ್‌ಬಿ ಇಂಟರ್‌ಫೇಸಿನ ಸುದ್ದಿ ಬಂದಾಗ ಐದು ಸೆಕೆಂಡ್ ಸುಮ್ನೆ ನಿಲ್ಲುವ ಒಂದು ಯುಡೆವ್ ನಿಯಮ ಹಾಕಿದೆ. ಹಳೇ ಪ್ರೋಗ್ರಾಂ ಈಗ ಪ್ರತಿ ಸಲವೂ ಬಿದ್ದಿತು, ಎರಡು ಸೆಕೆಂಡ್ ಸ್ಲೀಪ್ ಇದ್ದರೂ. ಹೊಸದು ಐದು ಸೆಕೆಂಡ್ ತಡವಾಗಿ, ಆದರೆ ಸರಿಯಾಗಿ ಓಡಿತು.

ಕೈಯಲ್ಲಿ ಕಿತ್ತು ಚುಚ್ಚುವ ಕೆಲಸವೂ ತಪ್ಪಿತು. ಸಿಸ್ಎಫ್ಎಸ್‌ನಲ್ಲಿ ಪ್ರತಿ ಯುಎಸ್‌ಬಿ ಡಿವೈಸಿನ ಕೆಳಗೆ ಆಥರೈಸ್ಡ್ ಅನ್ನುವ ಫೈಲಿದೆ. ಅದಕ್ಕೆ 0 ಬರೆದರೆ ಇಂಟರ್‌ಫೇಸುಗಳು ಮಾಯ, 1 ಬರೆದರೆ ವಾಪಸ್. ರಾತ್ರಿಯಿಡೀ ಸ್ಕ್ರಿಪ್ಟ್ ಓಡಲು ಬಿಟ್ಟು ಮನೆಗೆ ಹೋದೆ. ಈ ಪರೀಕ್ಷೆಗೆ ಒಂದು ಮಿತಿ ಇದೆ. ಡಿವೈಸ್ ಆಗಲೇ ಬಸ್ಸಿನ ಮೇಲೆ ಇರುವುದರಿಂದ ಪಿನ್ನು ತಾಗುವ ಹಂತ, ಡಿಬೌನ್ಸ್, ಯಾವುದೂ ಇದರಲ್ಲಿ ಬರುವುದಿಲ್ಲ.

ಬೆಳಗ್ಗೆ ಬಂದು ನೋಡಿದರೆ ಒಂದು ಹೊಸ ತರಲೆ. ಅಪರೂಪಕ್ಕೆ ಬೋರ್ಡಿನ ಉತ್ತರದ ಮೊದಲಿಗೆ ಎ ಮತ್ತು ಟಿ ಅಕ್ಷರಗಳ ಕಸ. ಮೊಡೆಮ್ ಹುಡುಕುವ ಸೇವೆಯೊಂದು ಅದೇ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಹೊಸ ಸೀರಿಯಲ್ ಪೋರ್ಟ್ ಕಂಡರೆ ನೀನು ಮೊಡೆಮ್ಮಾ ಅಂತ ಎಟಿ ಕಮಾಂಡ್ ಕಳಿಸಿ ಕೇಳುವುದು ಅದರ ಧರ್ಮ. ಯುಡೆವ್ "ಈಗ ಬನ್ನಿ" ಅಂತ ಸಾರುವುದು ನಮಗೊಬ್ಬರಿಗೇ ಅಲ್ಲವಲ್ಲ. ಆ ಕಂಪ್ಯೂಟರಿಗೆ ಮೊಡೆಮ್ ಬೇಡವೇ ಬೇಡ, ಸೇವೆ ತೆಗೆದುಹಾಕಿದೆ. ಬೇಕು ಅನ್ನುವವರು ಈ ಬೋರ್ಡನ್ನು ಮುಟ್ಟಬೇಡ ಅಂತ ಯುಡೆವ್ ನಿಯಮದಲ್ಲೇ ಗುರುತು ಹಾಕಬಹುದು.

ಹೊಸ ಪ್ರೋಗ್ರಾಂ ಬೆಂಚಿಗೆ ಹೋಯಿತು. ಪರ್ಮಿಷನ್ ಡಿನೈಡ್ ಮತ್ತೆ ಬರಲಿಲ್ಲ. ಒಂದು ವಾರ ಕಳೆದು ಬೆಂಚಿನಿಂದ ಫೋನ್. ಎಲ್ಲ ಚೆನ್ನಾಗಿದೆ, ಏಳನೇ ಸ್ಲಾಟಿನಲ್ಲಿ ಮಾತ್ರ ಕೆಲವೊಮ್ಮೆ ಬೋರ್ಡ್ ಕಾಣಿಸುವುದೇ ಇಲ್ಲ ಅಂತ. ಕೆಂಪೂ ಇಲ್ಲ, ಹಸಿರೂ ಇಲ್ಲ. ನಮ್ಮ ಲಾಗ್ ಖಾಲಿ. ಯುಡೆವ್ ಮಾನಿಟರ್ ಖಾಲಿ. ಕರ್ನಲ್ ಲಾಗ್ ತೆಗೆದೆ. ಡಿಬೌನ್ಸ್ ವಿಫಲ ಅಂತ ಒಂದು ಸಾಲು, ಅದೇ ಪೋರ್ಟಿನದು, ಅಲ್ಲೊಂದು ಇಲ್ಲೊಂದು ಸಲ. ಎರಡು ಸೆಕೆಂಡ್ ಕಾದರೂ ಸಂಪರ್ಕ ನಿಲ್ಲದೆ ಕರ್ನಲ್ ಕೈಬಿಟ್ಟಿತ್ತು. ಹೋಗಿ ಆ ಸ್ಲಾಟಿನ ಕೇಬಲ್ ಅಲುಗಾಡಿಸಿದೆ. ಕನೆಕ್ಟರ್ ಸಡಿಲ ಇತ್ತು. ಕೇಬಲ್ ಬದಲಾಯಿಸಿ, ಬೆಂಚಿನವರ ಮುಖ ನೋಡದೆ ವಾಪಸ್ ಬಂದೆ.